ಹಸಿ ಕಣಿಕೆಯ ಬಣವಿ

ಬೆಳಿಗ್ಗೆ ಏಳು ಗಂಟೆ. ಕಮಲಾಪುರದ ಕಲ್ಯಾಣಪ್ಪನ ಹೊಲದಲ್ಲಿ ಜೋಳದ ಕಣಿಕೆಯ ಬಣವಿಯಿಂದ ಬಿಳಿ ಹೊಗೆ ಏಳುತ್ತಿತ್ತು. ಮಳೆಯಲ್ಲಿ ನೆನೆದ ಮೇವನ್ನು ಆರಲು ಬಿಡದೆ ಒಟ್ಟಿ, ಮೇಲೆ ತಾಡಪತ್ರಿ ಬಿಗಿದವನು ಅವನೇ. ಪಕ್ಕಕ್ಕೇ ಸೋಗೆಯ ಕೊಟ್ಟಿಗೆ, ಅದರೊಳಗೆ ಎರಡು ಎಮ್ಮೆ.

“ಇದು ಹೊಗಿ ಅಲ್ಲ, ಹಬಿ. ಬಿಚ್ಚಿ ಹರವಿದ್ರ ಆರ್ತದ,” ಎಂದು ಅವನು ಹಗ್ಗಕ್ಕೆ ಕೈ ಹಾಕಿದ.

ಹೆಂಡತಿ ಜಯದೇವಿ ಬಣವಿಯೊಳಗೆ ಆಗಲೇ ಚುಚ್ಚಿಟ್ಟಿದ್ದ ಕಬ್ಬಿಣದ ಸಲಾಕೆಯನ್ನು ಎಳೆದು ಅವನ ಮುಂದೆ ಹಿಡಿದಳು. ತುದಿ ಮುಟ್ಟಿದ ಕಲ್ಯಾಣಪ್ಪ ಬೆರಳು ಬಾಯಿಗಿಟ್ಟುಕೊಂಡ.

“ಹಸಿ ಮೇವು ಒಳಗ ಕಾದು ಕೆಂಡ ಆಗ್ಯದ, ಗಾಳಿ ಹೊಕ್ಕರ ಭಗ್ಗಂತ ಹೊತ್ತತದ. ಕಲಬುರಗಿಯಿಂದ ಬೆಂಕಿ ಆರಿಸೋ ಗಾಡಿ ಹೊಂಟದ. ಕೈ ಸುಮ್ಮನಿರಲ್ಲಂದ್ರ ಎಮ್ಮಿ ಬಿಚ್ಚ್ರಿ!”

ಅವನು ತಿರುಗಿ ನೋಡಿದ. ಮೋಟಾರಿನ ಪೈಪು ಕೊಟ್ಟಿಗೆಯ ಮೇಲಿತ್ತು. ಸೋಗೆಯಿಂದ ನೀರು ತೊಟ್ಟಿಕ್ಕುತ್ತಿತ್ತು.

“ಇಷ್ಟೆಲ್ಲ ಯಾವಾಗ ಮಾಡಿದಿ?”

“ನೀವು ಹಬಿ, ಹಬಿ ಅಂತ ವಾದ ಮಾಡಾಗ.”

ಕಲ್ಯಾಣಪ್ಪ ಎಮ್ಮೆಗಳನ್ನು ಬಿಚ್ಚಿ ಬಾವಿಯ ಕಡೆ ಹೊಡೆದುಕೊಂಡು ಹೋದ.

ಅಗ್ನಿಶಾಮಕ ಸಿಬ್ಬಂದಿ ನೀರು ಹಾಯಿಸುತ್ತಲೇ ತಾಡಪತ್ರಿ ಎತ್ತಿದಾಗ ಬೆಂಕಿ ಒಮ್ಮೆ ಆಳೆತ್ತರ ಎದ್ದು ಅಲ್ಲೇ ಆರಿತು. ಬಣವಿಯ ನಡುವಿನ ಕಣಿಕೆಯೆಲ್ಲ ಇದ್ದಿಲಾಗಿತ್ತು. ಸಂಜೆ ಕಲ್ಯಾಣಪ್ಪ ಅದೇ ಕೊಟ್ಟಿಗೆಯಲ್ಲಿ ಕೂತು ಎಮ್ಮೆಯ ಹಾಲು ಕರೆದ.