ಒಳಗೆ ಬಿಟ್ಟ ಬಟ್ಟೆ

ಮಕ್ಕಳೇ, ನಿಮ್ಮ ಅಮ್ಮ ಓವರ್‌ಲಾಕ್ ಮಿಷನ್ ಓಡಿಸುವಾಗ ಬರುವ ಬಿಸಿ ಎಣ್ಣೆಯ ವಾಸನೆ ಈಗಲೂ ನಿಮ್ಮ ಈ ಅಜ್ಜಿಯನ್ನು ಸರಗೂರಿನ ಒಂದು ಮಧ್ಯಾಹ್ನಕ್ಕೆ ಕರೆದೊಯ್ಯುತ್ತದೆ.

ಅವತ್ತು ಮೈಸೂರಿನ ಆಸ್ಪತ್ರೆಯಲ್ಲಿ ಡಾಕ್ಟರು ನನ್ನ ತಂಗಿ ಪುಟ್ಟಿಯ ಎದೆ ಪರೀಕ್ಷಿಸಿ, ನಮ್ಮಿಬ್ಬರನ್ನೂ ಹೊರಗೆ ಕೂರಿಸಿ, ಅವ್ವನೊಬ್ಬಳನ್ನೇ ಒಳಗೆ ಕರೆದು ಮಾತಾಡಿದ್ದರು. ಬಸ್ಸಿನಲ್ಲಿ ಅವ್ವ ಪುಟ್ಟಿಯನ್ನು ತೊಡೆಯಿಂದ ಇಳಿಸಲೇ ಇಲ್ಲ. ಸರಗೂರಿನಲ್ಲಿ ಇಳಿದವಳೇ ಪುಟ್ಟಿಯ ಫ್ರಾಕಿಗೆಂದು ಹಳದಿ ಹೂವಿನ ಬಟ್ಟೆ ಕೊಂಡು ದರ್ಜಿಯ ಅಂಗಡಿಗೆ ನಡೆದಳು.

ದರ್ಜಿ ಹೊಸ ಓವರ್‌ಲಾಕ್ ಮಿಷನ್ ಓಡಿಸಿ ತೋರಿಸಿದ. "ಅಂಚನ್ನ ಅದೇ ಕತ್ತರಿಸ್ತದೆ, ಅದೇ ಹೊಲೀತದೆ ಕಣಕ್ಕಾ. ಒಳಗೆ ಒಂದು ನೂಲೂ ಹೆಚ್ಚಿಗೆ ಇರಾಕಿಲ್ಲ."

ಮಿಷನ್ ಕೆಳಗಿನ ಡಬ್ಬದ ತುಂಬ ಬಣ್ಣಬಣ್ಣದ ಮೆತ್ತನೆಯ ಚೂರುಗಳಿದ್ದವು. ಪುಟ್ಟಿ ಅದರಲ್ಲಿ ಕೈಯಾಡಿಸಿ, ಏದುಸಿರು ಬಿಡುತ್ತಲೇ ನಗುತ್ತಿದ್ದಳು.

"ಅದ್ರಲ್ಲಿ ಬ್ಯಾಡ," ಅಂದಳು ಅವ್ವ. "ಹಳೇ ಮಿಷನ್ನಲ್ಲೇ ಹೊಲೀರಿ. ಎರಡು ಪಕ್ಕಕ್ಕೂ, ಕೆಳಗಿನ ಮಡಿಕೆಗೂ ಒಳಗೆ ಬಟ್ಟೆ ಬುಡಿ. ಮಗು ಬೆಳೀತದೆ."

ದರ್ಜಿ ಗುರುತು ಹಾಕಿ, "ಇಷ್ಟು ಸಾಕಾ?" ಅಂದ.

"ಇನ್ನೂ ಬುಡಿ."

"ಅಕ್ಕಾ, ಇದೇನು ಫ್ರಾಕಾ, ಮದ್ವೆ ಸೀರೆಯಾ?"

ಅವ್ವ ನಗಲಿಲ್ಲ. "ಬುಡಿ ಅಂದ್ನಲ್ಲ," ಎಂದು ಬಟ್ಟೆಯ ಮೇಲೆ ಕೈಯಿಟ್ಟು ನಿಂತಳು.

ಪುಟ್ಟಿ ಆ ಫ್ರಾಕನ್ನು ಯುಗಾದಿಗೆ ತೊಟ್ಟಳು. ಗೌರಿ ಹಬ್ಬಕ್ಕೆ ಅವಳಿರಲಿಲ್ಲ.

"ಹೋದ ಮಗೀನ ಬಟ್ಟೆ ಮನೇಲಿ ಮಡಗಬ್ಯಾಡ, ಹೊಳೆಗೆ ಬುಡು," ಎಂದು ನಮ್ಮಜ್ಜಿ ಹೇಳುತ್ತಲೇ ಇದ್ದಳು. ಅವ್ವ ಜಗಲಿಯಲ್ಲಿ ಕುಳಿತು ಆ ಫ್ರಾಕಿನ ಪಕ್ಕದ ಹೊಲಿಗೆಯನ್ನೂ ಕೆಳಗಿನ ಮಡಿಕೆಯನ್ನೂ ಬಿಚ್ಚಿದಳು. ಒಳಗಿದ್ದ ಬಟ್ಟೆಯನ್ನೆಲ್ಲ ಹೊರಗೆ ಬಿಟ್ಟು ಮತ್ತೆ ಹೊಲಿದಳು. ಆಮೇಲೆ ನನ್ನನ್ನು ಕರೆದು ತೊಡಿಸಿದಳು.

ಅದು ನನ್ನ ಅಳತೆಗೇ ಹೊಲಿದಂತೆ ಕೂತಿತು. ಬೆನ್ನಿನ ಗುಂಡಿ ಹಾಕಲು ಅವ್ವನಿಗೆ ಬಹಳ ಹೊತ್ತು ಹಿಡಿಯಿತು.