ಬಚ್ಚಲ ಮೋರಿಯ ಮಾತು

ಹಳೇಪೇಟೆಯ ಮನೆಗಳಲ್ಲಿ ಆಡಿದ ಸುಳ್ಳೆಲ್ಲ ಬಚ್ಚಲ ಮೋರಿಗಿಳಿದು ಗಟ್ಟಿಯಾಗುತ್ತದೆ, ಆಗಾಗ ತೆಗೆಸಲೇಬೇಕು. ನೀಲಮ್ಮನ ಮನೆಯ ಮೋರಿಯಂತೂ ವಾರವಾರವೂ ಕಟ್ಟಿಕೊಳ್ಳುತ್ತಿತ್ತು. ಗಂಡ ಚನಬಸಪ್ಪನನ್ನು ದುರುಗುಟ್ಟಿ ನೋಡಿ, ಅವಳು ಮೋರಿ ತೆಗೆಯುವ ದುರಗಪ್ಪನನ್ನು ಕರೆಸಿದಳು.

"ಯಾವಾಕಿ ಹೆಸರು ಬರತೈತೋ ಇವತ್ತ ನೋಡೇಬಿಡೂಣು," ಎಂದು ಸೆರಗು ಸಿಕ್ಕಿಸಿ ನಿಂತಳು.

ದುರಗಪ್ಪ ಬಿದಿರ ದಬ್ಬೆ ತೂರಿಸಿ ಕರ್ರಗಿನ ಮುದ್ದೆಯೊಂದನ್ನು ಎಳೆದ. ಪದ್ಧತಿಯಂತೆ ಅದರ ಮೇಲೆ ಬಿಸಿನೀರು ಸುರಿದು, ತನ್ನ ಕಿವಿ ಮುಚ್ಚಿಕೊಂಡು ಗೋಡೆಯತ್ತ ತಿರುಗಿದ. ಮುದ್ದೆ ಕರಗುತ್ತ ಮಾತಾಡಿತು, ನೀಲಮ್ಮನದೇ ದನಿಯಲ್ಲಿ:

"ನಿಮ್ಮ ಮ್ಯಾಲೆ ನನಗೇನೂ ಸಂಶಯ ಇಲ್ಲರೀ... ಏನೂ ಸಂಶಯ ಇಲ್ಲರೀ..."

ಪೂರ್ತಿ ಕರಗಿದರೂ ಚನಬಸಪ್ಪನದು ಒಂದು ಮಾತೂ ಬರಲಿಲ್ಲ. ನೀಲಮ್ಮ ಗಂಡನ ಕಡೆ ತಿರುಗಿದಳು.

"ಹಂಗಾರ, ನಿಮ್ಮ ಸುಳ್ಳೆಲ್ಲಾ ನನಗ ಗೊತ್ತಾಗದಂಗ ಯಾವಾಗ ತೆಗಿಸಿದ್ರಿ?"