ಬಾಲದ ತುದಿಯ ಹೇಳಿಕೆ

ಜಾನುವಾರು ಪ್ರದರ್ಶನದ ಬಾಗಿಲಲ್ಲಿ ಶಂಕ್ರವ್ವ ಹೋರಿಯ ಕಪ್ಪಾದ ಬಾಲದ ತುದಿಗೆ ಆಲಿಸುವ ಕೊಳವೆ ಹಚ್ಚಿದಳು. ಸಾಯುವ ಜೀವಕೋಶಗಳು ಕಾರಣ ಹೇಳಿ ಸಾಯತೊಡಗಿದಂದಿನಿಂದ ಅದನ್ನು ಬರೆದುಕೊಳ್ಳುವುದೇ ಅವಳ ನೌಕರಿ. ಮನುಷ್ಯರ ಕೈಯಿಂದ ಸತ್ತ ಭಾಗವಿರುವ ಯಾವ ಜೀವಿಗೂ ಒಳಗೆ ಪ್ರವೇಶವಿರಲಿಲ್ಲ.

“ತಾವಾಗೇ ಸತ್ತಾವು ಅಂತ ಬರ್ಕೊಳ್ರಿ ಅಕ್ಕಾರ,” ಎಂದ ಹೋರಿಯ ಒಡೆಯ ಫಕೀರಪ್ಪ, ಎಣ್ಣೆ ಬಟ್ಟಲು ಹಿಡಿದುಕೊಂಡೇ. ದಿನಾ ಹೋರಿಗೆ ಎಣ್ಣೆ ತಿಕ್ಕುತ್ತ ಮೂರು ವರ್ಷದಿಂದ ಈ ದಿನಕ್ಕೆ ಕಾದಿದ್ದ.

“ತಾವಾಗೇ ಸಾಯೋವು ಗದ್ದಲ ಮಾಡಂಗಿಲ್ಲೋ ಯಪ್ಪಾ. ಗಂಟುಮೂಟೆ ಕಟ್ಟಿ, ನೆರೆಯವರಿಗೆ ಹೇಳಿ ಹೋಗ್ತಾವು. ಇವು ಬಾಯಿ ಬಡ್ಕೋಳಾಕತ್ತಾವು.”

ಕೊಳವೆಯೊಳಗಿಂದ ಕೂಗು ಬಂತು: “ದೃಷ್ಟಿ ಆಗಬಾರದಂತ ಕರಿದಾರ ಬಿಗಿದಾರ. ರಕ್ತ ಬರವಲ್ದು. ಸಾಯಾಕತ್ತೀವಿ.”

“ನಮ್ಮವ್ವ ಕಟ್ಟಿದ್ರೀ,” ಎಂದ ಫಕೀರಪ್ಪ, ಬಾಲದ ಕೂದಲಲ್ಲಿ ಹುದುಗಿದ್ದ ದಾರವನ್ನು ಅಂಗೈಯಿಂದ ಮುಚ್ಚುತ್ತ.

“ಯಾರು ಕಟ್ಟಿದ್ರೂ ಒಂದ. ಕಟ್ಟಿ ಮರತ ಬಿಡ್ತೀರಿ,” ಎಂದು ಶಂಕ್ರವ್ವ ‘ಪ್ರವೇಶವಿಲ್ಲ’ ಬರೆಯುವಾಗ ಕೊಳವೆ ಜಾರಿ ಅವಳ ಪಾದದ ಮೇಲೆ ಬಿತ್ತು.

“ನಮ್ದೂ ಬರ್ಕೊಳವ್ವಾ,” ಎಂದಿತು ಕಾಲ್ಬೆರಳು. “ಮದಿವ್ಯಾಗ ತೊಡಿಸಿದ ಕಾಲುಂಗುರ, ಹನ್ನೊಂದು ವರ್ಷಾತು. ರಕ್ತ ಬರವಲ್ದು. ಸಾಯಾಕತ್ತೀವಿ.”

“ನಮ್ಮತ್ತಿ ತೊಡಿಸಿದ್ದು,” ಎಂದು ಶಂಕ್ರವ್ವನ ಬಾಯಿಂದ ಬಂದೇಬಿಟ್ಟಿತು.

“ಯಾರು ತೊಡಿಸಿದ್ರೂ ಒಂದಲ್ರೀ?” ಎಂದು ಫಕೀರಪ್ಪ ಎಣ್ಣೆ ಬಟ್ಟಲು ಮುಂದೆ ಹಿಡಿದ.

ಅವಳು ಎಣ್ಣೆ ಹಚ್ಚಿ ಉಂಗುರ ಕಳಚಿದಳು. ಹೋರಿಯ ಕೆಳಗಿನ ಸಾಲಿನಲ್ಲಿ ತನ್ನ ಹೆಸರು ಬರೆದು, ‘ಪ್ರವೇಶವಿಲ್ಲ’ ಎಂದು ಸೇರಿಸಿ, ಸಹಿ ಹಾಕಿ, ಕುಂಟುತ್ತ ಹೋರಿಯ ಹಿಂದೆ ಹೊರಗೆ ನಡೆದಳು.